ಶಾರ್ಕಕ್ಕನ ವಾರಗಿತ್ತಿ

ನನಗೆ ಹೊಟ್ಟೆಕಿಚ್ಚು ಎಂಬುದು ನಮ್ಮ ಇಡೀ ಸಂಸ್ಥೆಗೆ ಗೊತ್ತು. ಗೇಟಿನ ಕಾವಲುಗಾರನಿಗೂ ಗೊತ್ತು. ಮನೆಯಲ್ಲಿ ಅತ್ತೆಗೆ ಗೊತ್ತು, ಗಂಡನಿಗೆ ಗೊತ್ತು, ಮೈದುನನಿಗೆ ಗೊತ್ತು. ಗೊತ್ತಿಲ್ಲದವಳು ನನ್ನ ವಾರಗಿತ್ತಿ ಒಬ್ಬಳೇ. ಅಥವಾ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಗುತ್ತಾಳೆ. ಆ ನಗು ಕಂಡರೆ ನನಗೆ ಇನ್ನಷ್ಟು ಉರಿಯುತ್ತದೆ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಡೆ. ಕಡಲಿನಲ್ಲಿ ಯಾವ ಮೀನು ಎಲ್ಲಿದೆ, ಯಾವ ಆಳದಲ್ಲಿದೆ, ಎಷ್ಟಿದೆ ಎಂದು ಬಲೆ ಎಳೆದು ನೋಡಿ ಸರ್ಕಾರಕ್ಕೆ ಹೇಳುವ ಸಂಸ್ಥೆ. ಅವಳು ಮೊದಲು ನನ್ನ ವಿದ್ಯಾರ್ಥಿನಿ. ಚುರುಕಾಗಿದ್ದಾಳೆ ಎಂದು ಸಂಸ್ಥೆಗೆ ಸೇರಿಸಿದವಳು ನಾನು. ಒಳ್ಳೆಯ ಹುಡುಗಿ ಎಂದು ಮೈದುನನಿಗೆ ತೋರಿಸಿದವಳೂ ನಾನೇ. ಹೀಗೆ ನನ್ನ ಕೈಯಾರೆ ಅವಳನ್ನು ಕಚೇರಿಯಲ್ಲಿ ಪಕ್ಕದ ಮೇಜಿಗೂ ಮನೆಯಲ್ಲಿ ಮಹಡಿಯ ಮೇಲಕ್ಕೂ ತಂದು ಕೂರಿಸಿದೆ. ಇನ್ನು ಯಾರನ್ನು ಬೈಯಲಿ?

ನನ್ನ ಮೀನಿನ ವಿಷಯ ಹೇಳದಿದ್ದರೆ ಈ ಉರಿ ಎಲ್ಲಿಂದ ಹೊತ್ತಿತು ಎಂದು ತಿಳಿಯುವುದಿಲ್ಲ. ಶಾರ್ಕ್ ಎಂದರೆ ಜನ ದೊಡ್ಡ ಬಾಯಿ, ದೊಡ್ಡ ಹಲ್ಲು ಎಂದು ಹೆದರುತ್ತಾರೆ. ನನ್ನ ಶಾರ್ಕ್ ಬೆರಳ ತುದಿಯಿಂದ ಮೊಣಕೈವರೆಗೆ ಬಂದರೆ ಹೆಚ್ಚು. ಮೈಯೆಲ್ಲ ಕಪ್ಪು, ಹಸಿರು ಕಣ್ಣು, ಬೆನ್ನ ಮೇಲೆ ಎರಡು ಮುಳ್ಳು. ದಡದಿಂದ ಬಹಳ ದೂರ ಹೋದ ಮೇಲೆ ಕಡಲಿನ ತಳ ಒಮ್ಮೆಲೇ ಇಳಿಯತೊಡಗುತ್ತದೆ. ನಾವು ಅದನ್ನು ಇಳಿಜಾರು ಎನ್ನುತ್ತೇವೆ. ಆ ಇಳಿಜಾರಿನ ನಡುವೆ, ಬಿಸಿಲು ಎಂದೂ ಮುಟ್ಟದ ಆಳದಲ್ಲಿ, ಪಟ್ಟಿಯಂಥ ಒಂದು ಕಿರಿದಾದ ಜಾಗದಲ್ಲಿ ಅದರ ವಾಸ. ಅದಕ್ಕಿಂತ ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಹೊಟ್ಟೆಯ ಅಡಿಯಲ್ಲಿ ಮಂದವಾದ ನೀಲಿ ಬೆಳಕಿದೆ. ಹಡಗಿನ ತಳದ ಕತ್ತಲೆ ಕೋಣೆಯಲ್ಲಿ ಬಕೆಟ್ಟಿನ ತಣ್ಣೀರಿಗೆ ಒಂದನ್ನು ಬಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಬೆಳಕನ್ನು ನೋಡಿದವಳು ನಾನು. ಡೆಕ್ಕಿನವರು ಮೀನಿಗೆ ಮಿಣುಕ ಎಂದೂ ನನಗೆ ಶಾರ್ಕಕ್ಕ ಎಂದೂ ಹೆಸರಿಟ್ಟರು.

ಯೌವನವನ್ನೆಲ್ಲ ಆ ಮಿಣುಕನ ಹಿಂದೆ ಕಳೆದು ನಾನು ಸಂಪಾದಿಸಿದ್ದು ಒಂದೇ ಒಂದು ಪದ: ವಿರಳ. ಮಿಣುಕ ನಿಧಾನವಾಗಿ ಬೆಳೆಯುತ್ತದೆ, ಕೆಲವೇ ಮರಿ ಹಾಕುತ್ತದೆ, ಎಲ್ಲೆಲ್ಲೂ ಸಿಗುವುದಿಲ್ಲ. ದೊಡ್ಡ ಬಲೆಗಳು ಒಂದೆರಡು ವರ್ಷ ಆ ಪಟ್ಟಿಯನ್ನು ಗುಡಿಸಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ನಾನು ಬರೆದ ಆ ಪದವನ್ನು ನಂಬಿಯೇ ಇಳಿಜಾರನ್ನು ದೊಡ್ಡ ದೋಣಿಗಳಿಗೆ ಮುಚ್ಚಿದ್ದರು.

ಆಮೇಲೆ ನನ್ನ ಒಳಗಿವಿ ಕೆಟ್ಟಿತು. ನೆಟ್ಟಗೆ ನಿಂತ ನೆಲವೇ ತಿರುಗುವವಳಿಗೆ ಹಡಗಿನ ಮೇಲೆ ಏನು ಗತಿ! ವೈದ್ಯರು ಕಡಲಿಗೆ ಹೋಗಕೂಡದು ಎಂದುಬಿಟ್ಟರು. ಅಂದಿನಿಂದ ನಾನು ಪ್ರಯೋಗಾಲಯದ ಕಿಟಕಿ ಪಕ್ಕ ಸೂಕ್ಷ್ಮದರ್ಶಕದ ಮುಂದೆ ಕೂತು, ಬೇರೆಯವರು ತಂದ ಮಿಣುಕಗಳ ಬೆನ್ನಮುಳ್ಳನ್ನು ಕತ್ತರಿಸಿ, ಅದರ ಗೆರೆಗಳಲ್ಲಿ ವಯಸ್ಸು ಓದುತ್ತೇನೆ. ಮೂಗಿಗೆ ಸದಾ ಫಾರ್ಮಲಿನ್ ವಾಸನೆ. ಕಡಲಿಗೆ ಹೋಗುವವಳು ಅವಳು. ಹೊರಡುವ ದಿನ ನನ್ನ ಹಳೆಯ ರಬ್ಬರ್ ಬೂಟುಗಳನ್ನೇ ಕೇಳಿ ಹಾಕಿಕೊಂಡು ಹೋಗುತ್ತಾಳೆ, ನಮ್ಮಿಬ್ಬರದೂ ಒಂದೇ ಅಳತೆಯಂತೆ.

ಮೊದಲ ಕೆಲವು ಸಲ ಅವಳನ್ನು ಹತ್ತಿರದ ನೀರಿಗಷ್ಟೇ ಕಳಿಸಿದ್ದರು. ಈ ವರ್ಷ ಮೊದಲ ಬಾರಿಗೆ ಇಳಿಜಾರಿಗೆ ಹೋದಳು. ಹಡಗು ಮರಳಿದ ಬೆಳಿಗ್ಗೆ ಬೂಟು ಕೂಡ ಬಿಚ್ಚದೆ, ಜಾಕೀಟಿನ ತುಂಬ ಮೀನಿನ ಹುರುಪೆ ಅಂಟಿಸಿಕೊಂಡು ಪ್ರಯೋಗಾಲಯಕ್ಕೆ ಓಡಿ ಬಂದಳು.

"ಅಕ್ಕಾ, ಮಿಣುಕ ರಾಶಿ ರಾಶಿ ಇದೆ! ನೀವು ನಂಬಲ್ಲ. ಒಂದೊಂದು ಎಳೆತಕ್ಕೂ ನೂರಾರು!"

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಅವಳಿಗೆ ನನ್ನ ಮುಖ ಕಾಣುತ್ತಿತ್ತು.

"ಸರಿಯಾಗಿ ಎಣಿಸಿದೀಯಾ?" ಎಂದೆ.

"ಎಣಿಸಿದೀನಿ ಅಕ್ಕ. ನೀವು ಕಲಿಸಿದ ಹಾಗೇ."

ನೋಡಿ, ಇಂಥ ಮಾತಿಗೇ ನನಗೆ ಮೈ ಪರಚಿಕೊಳ್ಳುವಂತಾಗುವುದು.

ಸಂಜೆಯ ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು. ಅತ್ತೆಗೆ ಶಾರ್ಕೂ ಒಂದೇ ಸೋರೆಕಾಯಿಯೂ ಒಂದೇ, ಆದರೆ ಚಿಕ್ಕ ಸೊಸೆ ಏನೋ ಭಾರೀ ಕಂಡುಹಿಡಿದಿದ್ದಾಳೆ ಎಂಬುದಷ್ಟೇ ಸಾಕಾಗಿತ್ತು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ, "ನೀನು ಇಷ್ಟು ವರ್ಷ ಹುಡುಕಿದ್ಯಲ್ಲ, ಅದೇ ಮೀನಂತೆ? ಅವಳಿಗೆ ಮೊದಲನೇ ಸಲಕ್ಕೇ ಸಿಕ್ಕಿಬಿಡ್ತಂತಲ್ಲ! ಕೈಗುಣ ಬೇಕು ನೋಡು ಎಲ್ಲಕ್ಕೂ" ಎಂದರು.

"ನಂಗೂ ಸಿಕ್ಕಿತ್ತು ಅತ್ತೆ. ಕಡಿಮೆ ಇದೆ ಅಂತ ಹೇಳಿದ್ದು ನಾನು. ಸಿಕ್ಕೇ ಇಲ್ಲ ಅಂತ ಹೇಳಿರ್ಲಿಲ್ಲ."

"ಅದೇ ಅಲ್ವಾ? ನಿಂಗೆ ಕಡಿಮೆ ಸಿಕ್ತು, ಅವಳಿಗೆ ಜಾಸ್ತಿ ಸಿಕ್ತು."

ಮೀನು ಹಿಡಿಯುವ ಪಂದ್ಯ ಎಂದುಕೊಂಡಿದ್ದಾರೆ! ಬದನೆಕಾಯಿಯನ್ನು ಎಷ್ಟು ಸಣ್ಣಗೆ ಹೆಚ್ಚಿದೆನೆಂದರೆ ಬೆಂದ ಮೇಲೆ ಅದು ಪಾತ್ರೆಯಲ್ಲಿ ಕಾಣಲೇ ಇಲ್ಲ. ನಮ್ಮವರು ಊಟಕ್ಕೆ ಕೂತು ಪಾತ್ರೆ ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳದೆ ಬಡಿಸಿಕೊಂಡರು. ಜಾಣ ಮನುಷ್ಯ.

ನಿಜ ಹೇಳಬೇಕೆಂದರೆ ಆ ವಾರ ನನಗೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಭಯವಿತ್ತು. ಅವಳು ಹೇಳಿದ್ದು ಸರಿಯಾಗಿದ್ದರೆ? ನಾನೇ ಬಲೆಯನ್ನು ತಪ್ಪು ಜಾಗಕ್ಕೆ ಇಳಿಸುತ್ತ, ತಪ್ಪು ಋತುವಿನಲ್ಲಿ ಎಳೆಯುತ್ತ ಬಂದಿದ್ದರೆ? ಎಲ್ಲರೂ ಹೊರಟುಹೋದ ಸಂತೆಯಲ್ಲಿ ನಿಂತು ಇಲ್ಲಿ ಜನವೇ ಇಲ್ಲ ಎನ್ನುವವರ ಹಾಗೆ ನಾನು ವಿರಳ, ವಿರಳ ಎಂದು ಕೂಗಿಕೊಂಡಿದ್ದರೆ? ಅವಳು ಹೋದ ಜಾಗಗಳ ನಕ್ಷೆ ನೋಡಿದೆ. ನನ್ನ ಜಾಗಗಳೇ. ಆಳವೂ ಅದೇ, ತಿಂಗಳೂ ಅದೇ, ಬಲೆಯೂ ಅದೇ. ಅವಳ ಲೆಕ್ಕದಲ್ಲಿ ಕೂಡುವ, ಗುಣಿಸುವ ತಪ್ಪಿದೆಯೇ ಎಂದು ಕದ್ದು ನೋಡಿದೆ. ಒಂದು ಅಂಕಿಯೂ ಆಚೀಚೆ ಇರಲಿಲ್ಲ. ಕೈ ಕೈ ಹಿಸುಕಿಕೊಂಡೆ.

ಅಷ್ಟರಲ್ಲಿ ವಿಷಯ ದೊಡ್ಡದಾಯಿತು. ಮಿಣುಕ ಹೇರಳವಾಗಿದೆಯಂತೆ ಎಂಬುದು ದೋಣಿ ಮಾಲೀಕರ ಸಂಘದ ಕಿವಿಗೆ ಬಿತ್ತು. ಆಳದ ಶಾರ್ಕುಗಳ ಲಿವರ್ ಎಣ್ಣೆಗೆ ಒಳ್ಳೆಯ ಬೆಲೆ ಇದೆ. ಹೇರಳವಾಗಿದ್ದರೆ ಇಳಿಜಾರನ್ನು ಇನ್ನೂ ಯಾಕೆ ಮುಚ್ಚಿಟ್ಟಿದ್ದೀರಿ, ತೆರೆಯಿರಿ ಎಂದು ಅವರು ಹಟ ಹಿಡಿದರು. ಮೀನುಗಾರಿಕೆ ಸಮಿತಿಯ ಸಭೆ ನಿಗದಿಯಾಯಿತು. ಅಲ್ಲಿ ಅವಳು ತನ್ನ ಸಂಖ್ಯೆ ಮಂಡಿಸಬೇಕು, ಸಮಿತಿ ಅವತ್ತೇ ತೀರ್ಮಾನಿಸುತ್ತದೆ. ಸಭೆ ಮುಗಿದ ಮೇಲೆ ಅವಳನ್ನು ಆಳಕಡಲ ವಿಭಾಗದ ಮುಖ್ಯಸ್ಥೆ ಎಂದು ಘೋಷಿಸುತ್ತಾರೆ ಎಂಬ ಗುಸುಗುಸು ಬೇರೆ. ಆ ಕುರ್ಚಿ ನನಗೆ ಬರಬೇಕಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ ತಾನೇ?

ಸಭೆಗೆ ಎರಡು ದಿನ ಇರುವಾಗ ಡೆಕ್ಕಿನ ಮೇಸ್ತ್ರಿ ನನ್ನನ್ನು ನೋಡಲು ಬಂದರು. ಬಲೆ ಮೇಲೆ ಬಂದಾಗ ಮೀನು ಸುರಿಸುವುದು, ಬುಟ್ಟಿ ತುಂಬಿಸುವುದು ಎಲ್ಲ ಅವರ ಉಸ್ತುವಾರಿ. ನನ್ನ ಕಾಲದಿಂದಲೂ ಅವರೇ ಇದ್ದಾರೆ. ಹಡಗು ಮತ್ತೆ ಹೊರಡುವುದಿತ್ತು. ಹೋಗುವ ಮೊದಲು ಮಾತಾಡಿಸಿಕೊಂಡು ಹೋಗೋಣ ಎಂದು ಬಂದಿದ್ದರು. ಕಾಫಿ ತರಿಸಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತ, "ಈ ಸಲ ನಿಮ್ಮ ಮಿಣುಕ ಎಲ್ಲ ಸರಿಯಾಗಿ ಬಂತಾ ಅಕ್ಕ?" ಎಂದು ಕೇಳಿದರು.

"ಬಂತು ಬಂತು. ರಾಶಿ ರಾಶಿ ಬಂತಂತೆ."

"ಬರದೆ ಏನು? ಒಂದೂ ಬಿಡದೆ ಆರಿಸಿದೀವಿ. ನೀವು ಬರ್ಲಿಲ್ಲ ಅಂತ ನಾವು ಪದ್ಧತಿ ಬಿಡ್ತೀವಾ? ಬಲೆ ಸುರಿದ ತಕ್ಷಣ ಮೊದಲು ಮಿಣುಕ. ಅಷ್ಟೂ ಮೊದಲನೇ ಬುಟ್ಟಿಗೆ. ಆಮೇಲೆ ಮಿಕ್ಕಿದ್ದೆಲ್ಲ."

ನನ್ನ ಕೈಯಲ್ಲಿದ್ದ ಚಿಮುಟ ಮೇಜಿನ ಮೇಲೆ ಬಿತ್ತು.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ. ಒಂದು ಎಳೆತಕ್ಕೆ ಬರುವ ಮೀನನ್ನೆಲ್ಲ ಎಣಿಸಲು ಸಾಧ್ಯವಿಲ್ಲ. ಆದ್ದರಿಂದ ಎಲ್ಲವನ್ನೂ ಬುಟ್ಟಿಗಳಿಗೆ ತುಂಬಿ, ಒಂದು ಬುಟ್ಟಿಯನ್ನಷ್ಟೇ ಎಣಿಸುತ್ತೇವೆ. ಎಳೆತಕ್ಕೆ ಹತ್ತು ಬುಟ್ಟಿ ಆಗುತ್ತದೆ, ಹಾಗಾಗಿ ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸುತ್ತೇವೆ. ಉಳಿದ ಬುಟ್ಟಿಗಳನ್ನು ತೂಗಿ ಕಡಲಿಗೆ ಚೆಲ್ಲುತ್ತಾರೆ. ಎಲ್ಲ ಬುಟ್ಟಿಯಲ್ಲೂ ಮೀನು ಒಂದೇ ರೀತಿ ಬೆರೆತಿರುತ್ತದೆ ಎಂಬುದು ಈ ಲೆಕ್ಕದ ಜೀವ. ನನಗೆ ಮಾತ್ರ ಮಿಣುಕವೆಲ್ಲ ಬೇಕಿತ್ತು, ಒಂದೂ ನೀರಿಗೆ ಹೋಗಬಾರದಿತ್ತು. ಹಾಗಾಗಿ ನಾನೇ ಡೆಕ್ಕಿನವರಿಗೆ ಹೇಳಿಕೊಟ್ಟಿದ್ದೆ: ಮೊದಲು ಮಿಣುಕ ಆರಿಸಿ ಒಂದು ಬುಟ್ಟಿಗೆ ಹಾಕಿ, ಅದು ನನ್ನ ಬುಟ್ಟಿ. ನಾನು ಆ ಬುಟ್ಟಿಯನ್ನು ಬೇರೆ ಇಟ್ಟು, ಮಿಣುಕಗಳನ್ನು ಒಂದೊಂದಾಗಿ ಎಣಿಸಿ, ಗುಣಿಸದೆ ಬರೆಯುತ್ತಿದ್ದೆ. ಅವಳಿಗೆ ಈ ಏರ್ಪಾಡು ಹೇಳಿದವರು ಯಾರು? ನಾನು ಹೇಳಿರಲಿಲ್ಲ. ಡೆಕ್ಕಿನವರಂತೂ ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದುಕೊಂಡಿದ್ದರು.

"ಚಿಕ್ಕಮ್ಮಾವ್ರು ಯಾವ ಬುಟ್ಟಿ ಎಣಿಸಿದ್ರು?" ಎಂದು ಕೇಳಿದೆ. ಹಡಗಿನಲ್ಲಿ ಅವಳನ್ನು ಹಾಗೆ ಕರೆಯುತ್ತಾರೆ.

"ತಕ್ಕಡಿ ಹತ್ರ ಇರೋದೇ. ಮೊದಲನೇದು. ಯಾಕಕ್ಕ, ಏನಾದ್ರೂ ಎಡವಟ್ಟಾಯ್ತಾ?"

"ಏನಿಲ್ಲ. ಕಾಫಿ ಕುಡೀರಿ, ಆರಿಹೋಗುತ್ತೆ."

ಅವರು ಹೋದ ಮೇಲೆ ಅವಳ ಸಂಖ್ಯೆಗಳನ್ನು ತೆಗೆದು ಹತ್ತರಿಂದ ಭಾಗಿಸಿದೆ. ನನ್ನ ಹಳೆಯ ಸಂಖ್ಯೆಗಳು ಪಕ್ಕಪಕ್ಕದಲ್ಲಿ ಬಂದು ಕೂತವು. ವಿರಳ! ಎದ್ದು ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ. ಹಾಲು ಕುಡಿದಷ್ಟು ಸಂತೋಷವಾಯಿತು. ತಲೆ ತಿರುಗಿ ಕುರ್ಚಿ ಹಿಡಿದುಕೊಳ್ಳಬೇಕಾಯಿತು, ಆದರೆ ಅವತ್ತು ಕಿವಿಯ ತಪ್ಪೇನೂ ಇರಲಿಲ್ಲ.

ಆಗಲೇ ಪಕ್ಕದ ಮೇಜಿಗೆ ಹೋಗಿ, "ಇಲ್ನೋಡು, ಹೀಗಾಗಿದೆ" ಎನ್ನಬಹುದಿತ್ತು. ಅದಕ್ಕೆ ಹತ್ತು ಹೆಜ್ಜೆಯೂ ಬೇಕಿರಲಿಲ್ಲ. ನಾನು ಹೋಗಲಿಲ್ಲ. ಅಲ್ಲೋ ಮನೆಯಲ್ಲೋ ಹೇಳಿದರೆ ಅವಳು ಗುಟ್ಟಾಗಿ ತಿದ್ದಿಕೊಂಡುಬಿಡುತ್ತಾಳೆ. ಆಮೇಲೆ ಅವಳು ತಪ್ಪು ಮಾಡಿದ್ದು ಯಾರಿಗೆ ಗೊತ್ತಾಗುತ್ತದೆ? ನನಗೆ ಸಭೆ ಬೇಕಿತ್ತು. ನಿರ್ದೇಶಕರು, ಸಮಿತಿಯವರು, ದೋಣಿ ಮಾಲೀಕರು ಎಲ್ಲರೂ ಕೂತಿರಬೇಕು, ಅವಳು ಪರದೆಯ ಮುಂದೆ ನಿಂತಿರಬೇಕು, ಆಗ ನಾನು ಏಳಬೇಕು. ಏನೇನು ಹೇಳಬೇಕೆಂದು ಸ್ನಾನದ ಮನೆಯಲ್ಲಿ ಎರಡು ಸಲ ಹೇಳಿಕೊಂಡೆ. "ಮೂಲಭೂತವಾದ ಲೋಪ" ಎಂಬ ಮಾತು ಬಹಳ ಇಷ್ಟವಾಯಿತು.

ಸಭೆಯ ಹಿಂದಿನ ಸಂಜೆ ಅವಳು ಮಹಡಿಯಿಂದ ಇಳಿದು ಅಡುಗೆಮನೆಗೆ ಬಂದಳು. ಲ್ಯಾಪ್‌ಟಾಪನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಅಕ್ಕ, ನಾಳೆ ತೋರಿಸೋದನ್ನ ಒಂದ್ಸಲ ನೋಡ್ತೀರಾ? ನೀವು ನೋಡಿದ್ರೆ ನಂಗೆ ಧೈರ್ಯ."

"ನಾನ್ಯಾಕೆ ನೋಡ್ಲಿ? ನೀನು ಎಣಿಸಿದ್ದು, ನೀನೇ ತೋರಿಸು."

"ಏನಾದ್ರೂ ತಪ್ಪಿದ್ರೆ ಅಂತ..."

"ತಪ್ಪಿದೆ ಅಂತ ಅನ್ಸುತ್ತಾ ನಿಂಗೆ?"

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಏನೋ ಬಾಯಿಗೆ ಬಂದದ್ದನ್ನು ನುಂಗಿಕೊಂಡಂತೆ ಕಂಡಿತು. "ಇಲ್ಲ" ಎಂದು ತಿರುಗಿ ಹೋದಳು. ಎದುರಿಗಿದ್ದ ನಮ್ಮವರು ಪತ್ರಿಕೆ ಕೆಳಗಿಳಿಸಿ, "ಪಾಪ, ಅಷ್ಟು ಕೇಳ್ಕೊಂಡ್ಳು, ನೋಡಬಹುದಿತ್ತು" ಎಂದರು.

"ಪಾಪ ಅಂತ ನಿಮಗೆ ನನ್ನ ಮೇಲೆ ಒಂದ್ಸಲನಾದ್ರೂ ಅನ್ಸಿದ್ಯೇನ್ರೀ?" ಎಂದೆ. ಪತ್ರಿಕೆ ಮತ್ತೆ ಮೇಲಕ್ಕೆ ಹೋಯಿತು.

ಸಭೆ ದೊಡ್ಡ ಕೋಣೆಯಲ್ಲಿ. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಗೊರಗೊರ ಎನ್ನುವ ಏ.ಸಿ. ಸಮಿತಿಯ ಅಧ್ಯಕ್ಷರು ನಡುವೆ ಕೂತಿದ್ದರು. ಎಡಗಡೆ ದೋಣಿ ಮಾಲೀಕರ ಮೂವರು, ಬಲಗಡೆ ನಮ್ಮ ನಿರ್ದೇಶಕರು. ನಾನು ಗೋಡೆಯ ಪಕ್ಕದ ಸಾಲಿನಲ್ಲಿದ್ದೆ. ಅವಳು ಚೆನ್ನಾಗಿ ಮಾತಾಡಿದಳು. ಅದನ್ನು ಇಲ್ಲವೆನ್ನುವಷ್ಟು ಕೆಟ್ಟವಳಲ್ಲ ನಾನು. ಇಳಿಜಾರಿನ ಚಿತ್ರ, ಆಳದ ಪಟ್ಟಿ, ನನ್ನ ಹಳೆಯ ಸಂಖ್ಯೆಗಳು ಸಣ್ಣ ಚುಕ್ಕಿಗಳಾಗಿ, ಅವಳ ಹೊಸ ಸಂಖ್ಯೆಗಳು ದೊಡ್ಡ ದೊಡ್ಡ ವೃತ್ತಗಳಾಗಿ ಪರದೆಯ ಮೇಲೆ ಬಂದವು. ಅವಳ ವೃತ್ತಗಳ ಅಡಿಯಲ್ಲಿ ನನ್ನ ಚುಕ್ಕಿಗಳು ಮುಚ್ಚಿಯೇ ಹೋಗಿದ್ದವು. ದೋಣಿಯವರ ಮುಖ ಅರಳಿತು. ಅಧ್ಯಕ್ಷರು, "ಹಾಗಾದ್ರೆ ತೆರೆಯೋದಕ್ಕೆ ವಿಜ್ಞಾನಿಗಳ ಕಡೆಯಿಂದ ಅಡ್ಡಿ ಇಲ್ಲ ಅಂತಾಯ್ತು" ಎಂದು ಪೆನ್ನು ತೆಗೆದರು.

ನಾನು ಎದ್ದೆ. "ಅಡ್ಡಿ ಇದೆ. ಆ ಸಂಖ್ಯೆ ತಪ್ಪು. ಹತ್ತುಪಟ್ಟು ಹೆಚ್ಚಾಗಿದೆ" ಎಂದೆ. ಮೂಲಭೂತವಾದ ಲೋಪ ಎಲ್ಲೋ ಹಾರಿಹೋಗಿತ್ತು. ಬುಟ್ಟಿಯ ವಿಷಯ ಹೇಳಿದೆ, ಆದರೆ ನಾಲಗೆ ತಡವರಿಸಿತು, ದನಿ ಏರಿತು. ಮೇಸ್ತ್ರಿ ಹೇಳಿದರು ಎಂದೆ. ಎಲ್ಲಿ ಮೇಸ್ತ್ರಿ ಎಂದರು. ಹಡಗು ನಿನ್ನೆಯೇ ಹೊರಟಿದೆ ಎಂದೆ. ದಾಖಲೆ ಏನಿದೆ ಎಂದರು. ಕಾಫಿ ಕುಡಿಯುತ್ತ ಆಡಿದ ಮಾತಿಗೆ ದಾಖಲೆ ಎಲ್ಲಿಂದ ತರಲಿ?

ದೋಣಿಯವರಲ್ಲಿ ದಪ್ಪಗಿದ್ದವನು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಕೋಣೆಗೆಲ್ಲ ಕೇಳಿಸಿತು. "ವಾರಗಿತ್ತಿಯರಂತೆ. ಮನೆ ಜಗಳ ಇಲ್ಲಿಗೆ ತಂದಿದಾರೆ." ಯಾರೋ ಕಿಸಕ್ಕೆಂದರು. ನಿರ್ದೇಶಕರು ಹಣೆ ಒತ್ತಿಕೊಂಡು, "ಮೇಡಂ, ನಿಮಗೆ ಇದು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಎರಡು ದಿನ ಆಯ್ತು."

"ಇಬ್ಬರೂ ಒಂದೇ ಮನೇಲಿ ಇರ್ತೀರಿ. ಅಲ್ಲೇ ಹೇಳಬಹುದಿತ್ತಲ್ಲ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಕೋಣೆಯಲ್ಲಿದ್ದ ಅಷ್ಟೂ ಜನ ನನ್ನ ಮುಖದ ಮೇಲೆ ಅದನ್ನು ಓದುತ್ತಿದ್ದರು. "ಕೂತ್ಕೊಳ್ಳಿ" ಎಂದರು ಅಧ್ಯಕ್ಷರು, ಮಕ್ಕಳಿಗೆ ಹೇಳುವ ದನಿಯಲ್ಲಿ. ಆ ಪೆನ್ನು ಮತ್ತೆ ಕಾಗದದ ಹತ್ತಿರ ಹೋಯಿತು. ಆಗ ಮೊದಲ ಸಲ ನನಗೆ ಅರಿವಾಯಿತು: ಅವಳಿಗೆ ಮಣ್ಣು ಮುಕ್ಕಿಸಲು ಹೊರಟ ನಾನು ಮಿಣುಕನನ್ನೇ ಬಲೆಗೆ ತಳ್ಳಿದ್ದೆ. ಮನೆಯಲ್ಲಿ ಬಾಯಿ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು. ಕೂತೆ. ಈಗ ಇದನ್ನು ತಡೆಯಬಲ್ಲ ಮನುಷ್ಯರು ಕೋಣೆಯಲ್ಲಿ ಒಬ್ಬರೇ ಇದ್ದರು, ಮತ್ತು ಅವಳು ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಎಲ್ಲವೂ ಅವಳದಾಗುತ್ತಿತ್ತು.

"ಅಕ್ಕ" ಎಂದಳು ಅವಳು, ಪರದೆಯ ಮುಂದಿನಿಂದಲೇ. "ಮೇಸ್ತ್ರಿ ಮೊದಲನೇ ಬುಟ್ಟಿ ಅಂತಾನೇ ಅಂದ್ರಾ?"

"ಮೊದಲನೇ ಬುಟ್ಟಿ ಅಂತಾನೇ."

"ಎಲ್ಲಾ ಎಳೆತಕ್ಕೂ?"

"ಎಲ್ಲಾ ಎಳೆತಕ್ಕೂ. ನಾನೇ ಕಲಿಸಿದ್ದು ಅವರಿಗೆ."

ಅವಳು ಪರದೆಯ ಕಡೆ ತಿರುಗಿ ತನ್ನ ವೃತ್ತಗಳನ್ನು ನೋಡಿದಳು. ಏ.ಸಿ. ಗೊರಗುಟ್ಟುತ್ತಲೇ ಇತ್ತು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ಸರ್, ಅಕ್ಕ ಹೇಳಿದ್ದು ಸರಿ. ನಾನು ಎಣಿಸಿದ್ದು ಆರಿಸಿಟ್ಟ ಬುಟ್ಟಿ. ಅದನ್ನ ಗುಣಿಸೋ ಹಾಗಿರ್ಲಿಲ್ಲ. ನನ್ನ ಸಂಖ್ಯೆ ವಾಪಸ್ ತಗೋತೀನಿ" ಎಂದಳು.

"ಯೋಚನೆ ಮಾಡಿ ಹೇಳಿ" ಎಂದರು ಅಧ್ಯಕ್ಷರು. ದೋಣಿಯವರು ಒಟ್ಟಿಗೇ ಗದ್ದಲ ಎಬ್ಬಿಸಿದರು. ಅವಳು ಜಗ್ಗಲಿಲ್ಲ. ಹತ್ತರಿಂದ ಭಾಗಿಸಿದರೆ ಎಷ್ಟಾಗುತ್ತದೆ ಎಂದು ಬಿಳಿ ಹಲಗೆಯ ಮೇಲೆ ಬರೆದೇ ತೋರಿಸಿದಳು. ಕೊನೆಗೆ ಇನ್ನೊಂದು ಸಮೀಕ್ಷೆ ಆಗುವವರೆಗೆ ಇಳಿಜಾರು ಮುಚ್ಚಿಯೇ ಇರಲಿ ಎಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥೆಯ ವಿಷಯವನ್ನು ಅವತ್ತು ಯಾರೂ ಎತ್ತಲಿಲ್ಲ.

ನಾನು ಗೆದ್ದಿದ್ದೆ. ಮಿಣುಕ ಉಳಿಯಿತು, ನನ್ನ ಪದ ಉಳಿಯಿತು, ಅವಳ ತಪ್ಪು ಊರಿಗೆಲ್ಲ ಗೊತ್ತಾಯಿತು. ಬಯಸಿದ್ದೆಲ್ಲ ಬಯಸಿದ ಹಾಗೇ ಆಗಿತ್ತು. ಆದರೆ ಸಭೆ ಮುಗಿದಾಗ ಜನ ಸುತ್ತುವರಿದದ್ದು ಅವಳನ್ನು. ನಿರ್ದೇಶಕರು ಅವಳ ಭುಜ ತಟ್ಟಿ, "ಇಂಥ ಧೈರ್ಯ ಎಲ್ಲರಿಗೂ ಬರಲ್ಲಮ್ಮ" ಎಂದರು. ತಪ್ಪು ಮಾಡಿದವಳಿಗೆ ಶಭಾಸ್‌ಗಿರಿ! ಕಂಡುಹಿಡಿದ ನಾನು ಗೋಡೆಯ ಪಕ್ಕ ಖಾಲಿ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ. ಸೋಲುವುದರಲ್ಲೂ ಅವಳು ನನಗಿಂತ ಮುಂದೆ!

ಮನೆಗೆ ಹೋಗಲು ನಮಗೆ ಒಂದೇ ಬಸ್ಸು. ಬೇರೆ ಬೇರೆ ಸೀಟಿನಲ್ಲಿ ಕೂರೋಣವೆಂದರೆ ಅವತ್ತು ಬಸ್ಸು ತುಂಬಿತ್ತು. ಇಬ್ಬರ ಸೀಟೊಂದು ಮಾತ್ರ ಖಾಲಿಯಿತ್ತು. ನಾನು ಕಿಟಕಿಯ ಕಡೆ ಕೂತೆ, ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಎರಡು ನಿಲ್ದಾಣ ದಾಟಿದವು.

"ಬೈಯಬೇಕು ಅಂತಿದ್ರೆ ಬೈದುಬಿಡು" ಎಂದೆ ಕಿಟಕಿಯ ಕಡೆಯೇ ನೋಡುತ್ತ. "ಮನೇಲೇ ಹೇಳಬೇಕಿತ್ತು ನಾನು. ಹೇಳ್ಲಿಲ್ಲ. ಎಲ್ಲರ ಮುಂದೆ ನಿನ್ನ ಮುಖ ಹೇಗಾಗುತ್ತೆ ಅಂತ ನೋಡಬೇಕಿತ್ತು ನಂಗೆ."

"ಗೊತ್ತು."

"ಗೊತ್ತಂತೆ. ಎಲ್ಲಾ ಗೊತ್ತು ನಿಂಗೆ. ಮತ್ತೆ ಅಷ್ಟೊಂದು ಮಿಣುಕ ಒಂದೇ ಬುಟ್ಟೀಲಿ ಕಂಡಾಗ ಅನುಮಾನ ಬರ್ಲಿಲ್ವಾ? ಯಾರನ್ನಾದ್ರೂ ಒಂದು ಮಾತು ಕೇಳೋಕೆ ಏನಾಗಿತ್ತು?"

ಅವಳು ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ತಲೆ ಎತ್ತಿದಾಗ ಆ ನಗು ಇರಲಿಲ್ಲ. ಮೂಗಿನ ತುದಿ ಕೆಂಪಾಗಿತ್ತು. ಸಭೆಯಲ್ಲೂ ಅವಳ ಮುಖ ಹೀಗಾಗಿರಲಿಲ್ಲ.

"ಅನುಮಾನ ಬಂದಿತ್ತು ಅಕ್ಕ. ಮೊದಲನೇ ದಿನಾನೇ ಬಂದಿತ್ತು. ಕೇಳೋಣ ಅಂತ ಮೇಸ್ತ್ರಿ ಹತ್ರ ಹೋದೆ. ಬಾಯಿ ತೆಗೆಯೋ ಮುಂಚೆ ಅವರು ಅಂದ್ರು, 'ನೋಡಿ ಚಿಕ್ಕಮ್ಮಾವ್ರೇ, ನಮ್ ಶಾರ್ಕಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಡೆಕ್ ಮೇಲೆ ಕುಣೀತಿದ್ರು' ಅಂತ. ಅಷ್ಟೇ, ವಾಪಸ್ ಬಂದೆ."

"ಯಾಕೆ?"

"ಯಾಕೆ ಅಂದ್ರೆ! ಆ ಹಡಗು ಹತ್ತಿದಾಗಿನಿಂದ ಅದೇ ಕೇಳಿದೀನಿ ನಾನು. ಬಲೆ ಕಟ್ಟಿದ್ರೆ ಶಾರ್ಕಕ್ಕ ಹೀಗೆ ಕಟ್ತಿರ್ಲಿಲ್ಲ. ಊಟಕ್ಕೆ ಕೂತ್ರೆ ಶಾರ್ಕಕ್ಕ ಇಲ್ಲೇ ಕೂರ್ತಿದ್ರು. ಬೂಟು ನೋಡಿದ್ರೂ ಅಷ್ಟೇ, ಇದು ಅಕ್ಕಂದಲ್ವಾ? ನೀವು ಇಲ್ಲಿ ಕಿಟಕಿ ಪಕ್ಕ ಕೂತಿರ್ತೀರಿ, ಅಲ್ಲಿ ಹಡಗಿಗೆಲ್ಲ ನೀವೇ. ಯಾಕೆ ಇಷ್ಟೊಂದು ಮಿಣುಕ ಅಂತ ಕೇಳಿದ್ರೆ ಉತ್ತರದಲ್ಲಿ ನಿಮ್ಮ ಹೆಸರು ಬರುತ್ತೆ ಅಂತ ನಂಗೆ ಗೊತ್ತಿತ್ತು. ಇನ್ನೊಂದ್ಸಲ ಕೇಳೋಕೆ ನನ್ನಿಂದ ಆಗ್ತಿರ್ಲಿಲ್ಲ. ಹಾಳಾಗಿ ಹೋಗ್ಲಿ, ಇದೊಂದಾದ್ರೂ ನಂದು ಅಂತ ಇರ್ಲಿ ಅಂತ ಗುಣಿಸಿಬಿಟ್ಟೆ."

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಅಂಗಡಿಯ ಮುಂದೆ ಒಬ್ಬ ನೆಲ ತೊಳೆಯುತ್ತಿದ್ದ. ಏನಾದರೂ ಸಮಾಧಾನ ಹೇಳಬೇಕಿತ್ತು, ನನಗೆ ತಿಳಿಯದ ವಿಷಯವಲ್ಲ. ಹಿರಿಯವಳು ನಾನು. ನಿನ್ನ ತಪ್ಪಲ್ಲ ಬಿಡು ಎನ್ನಬಹುದಿತ್ತು, ಕೈ ಹಿಡಿದುಕೊಳ್ಳಬಹುದಿತ್ತು. ಅವಳ ಕಣ್ಣಿನ ಅಂಚಿನಲ್ಲಿ ನೀರು ನಿಂತಿತ್ತು. ಆ ಉರಿ ಹೇಗಿರುತ್ತದೆ ಎಂದು ಆ ಬಸ್ಸಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಕಿಟಕಿ ಬಿಟ್ಟು ಅವಳ ಕಡೆಗೆ ಪೂರ್ತಿಯಾಗಿ ತಿರುಗಿ ಕೂತೆ.

"ಮೇಸ್ತ್ರಿ ಏನಂದ್ರು ಅಂದೆ?" ಎಂದು ಕೇಳಿದೆ. "ನಾನಿದ್ದಿದ್ರೆ ಡೆಕ್ ಮೇಲೆ ಏನ್ ಮಾಡ್ತಿದ್ದೆ ಅಂತ? ಇನ್ನೊಂದ್ಸಲ ಹೇಳು."

ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಮೇಲೆ, ಹಲ್ಲು ಕಚ್ಚಿಕೊಂಡು, ಇನ್ನೊಂದು ಸಲ ಹೇಳಿದಳು.